ಕರೆಂಟಿನ ಲೆಕ್ಕ ಯಾರು ಕಲಿಯಬೇಕು?

ಇಂಧನ ಕ್ಷೇತ್ರದಲ್ಲಿ ಉಜ್ವಲ ಭವಿಷ್ಯವಿದೆ ಎಂದು ಎಂ.ಬಿ.ಎ. ಓದುವ ಹುಡುಗ ಹುಡುಗಿಯರಿಗೆ ಹೇಳುವ ಸಮಾವೇಶಗಳು ಈಚಿನ ವರ್ಷಗಳಲ್ಲಿ ಹೆಚ್ಚಿವೆ. ಬೆಂಗಳೂರಿನ ದೊಡ್ಡ ಹೋಟೆಲುಗಳಲ್ಲಿ, ಹೆಸರಾಂತ ಮ್ಯಾನೇಜ್‌ಮೆಂಟ್ ಕಾಲೇಜುಗಳ ಸಭಾಂಗಣಗಳಲ್ಲಿ ಇವು ನಡೆಯುತ್ತವೆ. ಸೌರಶಕ್ತಿ, ಪವನಶಕ್ತಿ, ಬ್ಯಾಟರಿ, ಎಲೆಕ್ಟ್ರಿಕ್ ವಾಹನ, ಹಸಿರು ಹೈಡ್ರೋಜನ್ ಎಂದು ಕಂಪನಿಯ ಅಧಿಕಾರಿಗಳು ಪರದೆಯ ಮೇಲೆ ಒಂದೊಂದಾಗಿ ಚಿತ್ರ ತೋರಿಸುತ್ತಾರೆ. ವಿದ್ಯಾರ್ಥಿಗಳು ಬಯೋಡೇಟಾ ಕೊಡುತ್ತಾರೆ. ಊಟವಾಗುತ್ತದೆ, ಫೋಟೋ ಆಗುತ್ತದೆ, ಸರ್ಟಿಫಿಕೇಟು ಕೈಸೇರುತ್ತದೆ. ಇದಕ್ಕೆ 'ಇಂಧನ ಶಿಕ್ಷಣ' ಎಂಬ ಹೆಸರು ಇಡಲಾಗಿದೆ. ಈ ಹೆಸರನ್ನು ನಾವು ಒಪ್ಪುವುದಿಲ್ಲ.

ಉದ್ಯೋಗ ಮೇಳವೇ ಬೇಡ ಎನ್ನುವುದು ನಮ್ಮ ವಾದವಲ್ಲ. ಸಾಲ ಮಾಡಿ ಓದಿಸಿದ ಮಗನಿಗೆ, ಮಗಳಿಗೆ ಒಂದು ಕೆಲಸ ಸಿಗಲಿ ಎಂದು ಹಂಬಲಿಸುವ ತಂದೆತಾಯಿಗಳ ಸಂಕಟ ನಮಗೆ ಗೊತ್ತಿದೆ. ಆದರೆ ಮೇಳವನ್ನು ಮೇಳ ಎಂದೇ ಕರೆಯೋಣ. ಶಿಕ್ಷಣ ಎನ್ನಬೇಕಾದರೆ ಅಲ್ಲಿ ಒಂದು ಪ್ರಶ್ನೆಯಾದರೂ ಏಳಬೇಕು: ಈ ಕರೆಂಟಿನ ಬೆಲೆಯನ್ನು ಕೊನೆಗೆ ತೆರುವವರು ಯಾರು? ಹಣದಲ್ಲಿ ತೆರುವವರು ಯಾರು, ಜಮೀನಿನಲ್ಲಿ ತೆರುವವರು ಯಾರು, ನಿದ್ದೆಗೆಟ್ಟು ತೆರುವವರು ಯಾರು? ಈ ಪ್ರಶ್ನೆ ಬೆಂಗಳೂರಿನ ಆ ಸಭಾಂಗಣಗಳಲ್ಲಿ ಏಳುವುದಿಲ್ಲ. ಏಳಬೇಕಾದರೆ ಪಾಠ ಕೃಷ್ಣರಾಜಪೇಟೆಯಂಥ ತಾಲ್ಲೂಕು ಕೇಂದ್ರಕ್ಕೆ ಬರಬೇಕು. ನಮ್ಮ ವಾದ ಇಷ್ಟೇ. ಯಾಕೆಂದು ವಿವರಿಸುತ್ತೇವೆ.

ಮೊದಲು ಈ ಸಮಾವೇಶಗಳ ಹುಟ್ಟನ್ನು ನೋಡೋಣ. ಇದು ಅಮೆರಿಕದ ವಿಶ್ವವಿದ್ಯಾಲಯಗಳಿಂದ ಬಂದ ಪದ್ಧತಿ. ಅಲ್ಲಿ ವಿದ್ಯಾರ್ಥಿಗಳೇ ಎನರ್ಜಿ ಕ್ಲಬ್ಬುಗಳನ್ನು ಕಟ್ಟಿಕೊಂಡರು; ಎಂ.ಐ.ಟಿ.ಯಂಥ ಕಡೆಗಳಲ್ಲಿ ಅವರೇ ಸಮ್ಮೇಳನಗಳನ್ನು ನಡೆಸಿ ಕಂಪನಿಗಳನ್ನು ಕರೆಸಿದರು. ಆದರೆ ಅಲ್ಲಿಯ ವಿದ್ಯಾರ್ಥಿಗಳು ಕೆಲಸವನ್ನಷ್ಟೇ ಕೇಳಿ ಸುಮ್ಮನಾಗಲಿಲ್ಲ. ನಮ್ಮ ವಿಶ್ವವಿದ್ಯಾಲಯದ ಹಣವನ್ನು ಕಲ್ಲಿದ್ದಲು, ಎಣ್ಣೆ ಕಂಪನಿಗಳಲ್ಲಿ ಏಕೆ ತೊಡಗಿಸಿದ್ದೀರಿ ಎಂದು ವರ್ಷಗಟ್ಟಲೆ ಜಗಳವಾಡಿದರು. 2021ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯ ಆ ಹೂಡಿಕೆಯಿಂದ ಹಿಂದೆ ಸರಿಯುವುದಾಗಿ ಹೇಳಬೇಕಾಯಿತು. ನಾವು ಅಲ್ಲಿಂದ ತಂದದ್ದು ಕಂಪನಿಗಳ ಸ್ಟಾಲುಗಳನ್ನು ಮಾತ್ರ. ಜಗಳವನ್ನು ಅಲ್ಲೇ ಬಿಟ್ಟು ಬಂದೆವು.

2023ರ ಫೆಬ್ರವರಿಯಲ್ಲಿ ಬೆಂಗಳೂರಿನ ತುಮಕೂರು ರಸ್ತೆಯ ಪ್ರದರ್ಶನ ಕೇಂದ್ರದಲ್ಲಿ 'ಇಂಡಿಯಾ ಎನರ್ಜಿ ವೀಕ್' ನಡೆಯಿತು. ಪ್ರಧಾನಿಯೇ ಉದ್ಘಾಟಿಸಿದರು. ಹಲವು ದೇಶಗಳ ಮಂತ್ರಿಗಳು, ದೊಡ್ಡ ಕಂಪನಿಗಳ ಮುಖ್ಯಸ್ಥರು ಬಂದರು. ಅದೇ ವರ್ಷ ಮಳೆ ಕೈಕೊಟ್ಟಿತು. ಅಕ್ಟೋಬರ್ ಹೊತ್ತಿಗೆ ಕರ್ನಾಟಕದ ರೈತರು ಪಂಪ್‌ಸೆಟ್ಟಿಗೆ ಏಳು ತಾಸು ತ್ರೀಫೇಸ್ ಕರೆಂಟು ಕೊಡಿ ಎಂದು ಬೀದಿಗಿಳಿದಿದ್ದರು. ಒಂದೇ ರಾಜ್ಯ, ಒಂದೇ ವರ್ಷ, ಒಂದೇ ವಿಷಯ. ಆದರೂ ಎರಡು ಬೇರೆ ಬೇರೆ ಲೋಕಗಳು. ವ್ಯವಹಾರ ಕಲಿಯುವ ವಿದ್ಯಾರ್ಥಿಗಳನ್ನು ನಾವು ಮೊದಲ ಲೋಕಕ್ಕೆ ಮಾತ್ರ ಕರೆದೊಯ್ಯುತ್ತಿದ್ದೇವೆ.

ಮಂಡ್ಯ ಸೀಮೆಯವರಿಗೆ ವಿದ್ಯುತ್ತಿನ ವ್ಯವಹಾರ ಹೊಸದಲ್ಲ. ಈ ದೇಶದಲ್ಲಿ ಅದು ದೊಡ್ಡ ಪ್ರಮಾಣದಲ್ಲಿ ಶುರುವಾದದ್ದೇ ಈ ಜಿಲ್ಲೆಯ ನೀರಿನಿಂದ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗೆ ಹೋಯಿತು. ಆ ಕಾಲಕ್ಕೆ ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಅದೂ ಒಂದು. ಬೆಂಗಳೂರಿನ ಬೀದಿಗಳಿಗೆ ದೀಪ ಬಂದದ್ದು ಅದಾದ ಮೂರು ವರ್ಷಕ್ಕೆ, 1905ರಲ್ಲಿ. ತಂತಿಯ ಕೆಳಗಿದ್ದ ಹಳ್ಳಿಗಳು ದಶಕಗಳ ಕಾಲ ಸೀಮೆಎಣ್ಣೆ ಬುಡ್ಡಿಯಲ್ಲೇ ಉಳಿದವು. ಮೊದಲ ಗಿರಾಕಿ ಬ್ರಿಟಿಷರ ಗಣಿ ಕಂಪನಿ, ಎರಡನೆಯ ಗಿರಾಕಿ ನಗರ. ಹಳ್ಳಿ ಗಿರಾಕಿಯೇ ಆಗಿರಲಿಲ್ಲ.

ಕನ್ನಂಬಾಡಿ ಕಟ್ಟೆಯ ಕತೆಯಲ್ಲೂ ಈ ಲೆಕ್ಕವಿದೆ. 1911ರಲ್ಲಿ ಕೆಲಸ ಶುರುವಾದಾಗ ಬೇಸಾಯದಷ್ಟೇ ಮುಖ್ಯವಾಗಿದ್ದ ಇನ್ನೊಂದು ಕಾರಣ, ಬೇಸಿಗೆಯಲ್ಲೂ ಶಿವನಸಮುದ್ರಕ್ಕೆ ನೀರು ಹರಿಸಿ ಗಣಿಗೆ ವರ್ಷಪೂರ್ತಿ ವಿದ್ಯುತ್ತು ಕೊಡಬೇಕಾಗಿದ್ದುದು. ವಿಶ್ವೇಶ್ವರಯ್ಯನವರಿಗೆ ಈ ಲಾಭನಷ್ಟದ ಲೆಕ್ಕ ಚೆನ್ನಾಗಿ ಗೊತ್ತಿತ್ತು. ಅವರು ಎಂಜಿನಿಯರಷ್ಟೇ ಅಲ್ಲ, ಬ್ಯಾಂಕನ್ನೂ ವಾಣಿಜ್ಯ ಸಂಸ್ಥೆಯನ್ನೂ ಕಟ್ಟಿಸಿದ ವ್ಯವಹಾರಜ್ಞ. ಆದರೆ ಆ ಲೆಕ್ಕದ ಇನ್ನೊಂದು ಪುಟವೂ ಇದೆ. ಹಳೆಯ ಕನ್ನಂಬಾಡಿ ನೀರಿನಡಿ ಹೋಯಿತು, ಸುತ್ತಲ ಹಳ್ಳಿಗಳ ಜನ ಎದ್ದು ಹೋದರು. ಮನೆಮಠ ಬಿಟ್ಟವರ ನಷ್ಟ ಯಾವ ಬ್ಯಾಲೆನ್ಸ್ ಶೀಟಿನಲ್ಲಿ ಬಂತು? ಇದನ್ನು ಕೇಳಿದರೆ ವಿಶ್ವೇಶ್ವರಯ್ಯನವರಿಗೆ ಅವಮಾನವಾಗುವುದಿಲ್ಲ. ಲೆಕ್ಕವನ್ನು ಪೂರ್ತಿ ಬರೆಯಿರಿ ಎಂದಷ್ಟೇ ಅದರ ಅರ್ಥ.

ಅದೇ ಕಟ್ಟೆಯ ಬಳಿ ಟಿಪ್ಪು ಸುಲ್ತಾನನ ಪಾರ್ಸಿ ಶಾಸನವೊಂದಿದೆ. 18ನೇ ಶತಮಾನದ ಕೊನೆಯ ದಶಕದಲ್ಲಿ ಅಲ್ಲೇ ಕಾವೇರಿಗೆ ಅಣೆಕಟ್ಟು ಕಟ್ಟಿಸಲು ಆತ ಹಾಕಿಸಿದ ಅಡಿಗಲ್ಲು ಅದು. ಈ ನೀರಿನಿಂದ ಹೊಸದಾಗಿ ಭೂಮಿ ಸಾಗುವಳಿ ಮಾಡುವವರಿಗೆ ಸರ್ಕಾರದ ಪಾಲಿನಲ್ಲಿ ನಾಲ್ಕನೆಯ ಒಂದು ಭಾಗ ಬಿಡಲಾಗುವುದು, ಆ ಭೂಮಿ ಅವರ ವಂಶಕ್ಕೇ ಉಳಿಯುವುದು ಎಂಬ ಅರ್ಥದ ಮಾತು ಅದರಲ್ಲಿದೆ. ಟಿಪ್ಪುವಿನ ಬಗ್ಗೆ ಇಂದು ನಡೆಯುವ ಗದ್ದಲ ಏನೇ ಇರಲಿ, ಈ ಕಲ್ಲನ್ನು ವ್ಯವಹಾರದ ವಿದ್ಯಾರ್ಥಿಯೊಬ್ಬ ಓದಬೇಕು. ಯೋಜನೆ ಪ್ರಾರಂಭವಾಗುವ ಮೊದಲೇ, ಬೆವರು ಸುರಿಸುವವನ ಪಾಲು ಎಷ್ಟು ಎಂದು ಅಡಿಗಲ್ಲಿನಲ್ಲೇ ಬರೆಸಿದ ಕರಾರು ಅದು. ಇಂದಿನ ಎಷ್ಟು ಇಂಧನ ಯೋಜನೆಗಳ ಕರಾರಿನಲ್ಲಿ ಆ ಸಾಲು ಇದೆ? ಮುಂದೆ ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ ಮಂಡ್ಯದ ಸಕ್ಕರೆ ಕಾರ್ಖಾನೆ ಬಂತು, ಶಿಂಷಾ ಜಲವಿದ್ಯುತ್ ಯೋಜನೆ ರೂಪುಗೊಂಡಿತು, 1939ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆಯಾಯಿತು. ನೀರು, ಕಬ್ಬು, ಕರೆಂಟು ಮೂರನ್ನೂ ಒಂದೇ ಹಗ್ಗದಲ್ಲಿ ಹೊಸೆದ ನಾಡು ಇದು. ಇಷ್ಟು ಚರಿತ್ರೆ ಕಾಲಬುಡದಲ್ಲಿದ್ದೂ ಇಲ್ಲಿಯ ಹುಡುಗರು ಇಂಧನದ ಬಗ್ಗೆ ತಿಳಿಯಲು ಬೆಂಗಳೂರಿನ ಬಸ್ಸು ಹತ್ತಬೇಕೇ?

ಇನ್ನು ಇಂದಿನ ಸ್ಥಿತಿಗೆ ಬರೋಣ. 2008ರಲ್ಲಿ ಯಡಿಯೂರಪ್ಪನವರ ಸರ್ಕಾರ ಹತ್ತು ಎಚ್.ಪಿ.ವರೆಗಿನ ಪಂಪ್‌ಸೆಟ್ಟುಗಳಿಗೆ ಉಚಿತ ವಿದ್ಯುತ್ತು ಘೋಷಿಸಿತು. ಅವರು ಹುಟ್ಟಿದ ಬೂಕನಕೆರೆ ಕೃಷ್ಣರಾಜಪೇಟೆ ತಾಲ್ಲೂಕಿನದೇ ಊರು. ಅಂದಿನಿಂದ ಬಂದ ಎಲ್ಲ ಸರ್ಕಾರಗಳೂ ಇದನ್ನು ಮುಂದುವರಿಸಿವೆ. 2023ರಿಂದ ಗೃಹಜ್ಯೋತಿಯಡಿ ಮನೆಗಳಿಗೂ 200 ಯೂನಿಟ್‌ವರೆಗೆ ಬಿಲ್ಲಿಲ್ಲ. ನಗರದ ಓದಿದ ವರ್ಗ ಇದನ್ನು 'ಬಿಟ್ಟಿ ಭಾಗ್ಯ' ಎಂದು ಹಂಗಿಸುತ್ತದೆ. ರೈತ ಸಂಘಟನೆಗಳು ಹಕ್ಕು ಎನ್ನುತ್ತವೆ. ಇಬ್ಬರೂ ಲೆಕ್ಕದ ಪುಸ್ತಕ ತೆರೆಯುವುದಿಲ್ಲ. ಬಹುಪಾಲು ಪಂಪ್‌ಸೆಟ್ಟುಗಳಿಗೆ ಮೀಟರೇ ಇಲ್ಲ. ಎಷ್ಟು ಬಳಸಿದರು ಎಂಬುದು ಅಂದಾಜು. ಅಂದಾಜಿನ ಮೇಲೆ ಸರ್ಕಾರ ವಿದ್ಯುತ್ ಕಂಪನಿಗೆ ಸಬ್ಸಿಡಿ ಕಟ್ಟಿಕೊಡಬೇಕು. ಕಳ್ಳತನದಿಂದಲೋ ಹಳೆಯ ತಂತಿಯಿಂದಲೋ ಸೋರಿದ ಕರೆಂಟೂ ರೈತನ ಖಾತೆಗೆ ಬರೆಯಲ್ಪಟ್ಟರೆ ಕಂಡುಹಿಡಿಯುವವರು ಯಾರು? ಇದು ಎಂ.ಬಿ.ಎ. ಓದಿದವನು ಕೇಳಬೇಕಾದ ಪ್ರಶ್ನೆ. ಅವನಿಗೆ ಕಲಿಸಿದ್ದು ಮಾತ್ರ ಬೇರೆ.

ಆ 'ಉಚಿತ' ಕರೆಂಟು ಎಂಥದು ಎಂಬುದೂ ಪಾಠವಾಗಬೇಕು. ಬರುವುದು ಸರತಿಯ ಮೇಲೆ, ಅನೇಕ ಸಲ ರಾತ್ರಿ. ಹಾವು, ಚಿರತೆಯ ಹೆದರಿಕೆಯಲ್ಲಿ ಟಾರ್ಚು ಹಿಡಿದು ಗದ್ದೆಗೆ ಹೋಗಬೇಕು. ಒಂದು ಟಿ.ಸಿ. ಮೇಲೆ ಅದು ಹೊರುವುದಕ್ಕಿಂತ ಹೆಚ್ಚು ಮೋಟರುಗಳು. ಎಲ್ಲರೂ ಒಟ್ಟಿಗೆ ಸ್ವಿಚ್ಚು ಹಾಕಿದಾಗ ವೋಲ್ಟೇಜು ಇಳಿಯುತ್ತದೆ. ವೋಲ್ಟೇಜು ಇಳಿದರೆ ಮೋಟರು ಅದೇ ಕೆಲಸಕ್ಕೆ ಹೆಚ್ಚು ಕರೆಂಟು ಎಳೆಯುತ್ತದೆ, ಸುರುಳಿ ಕಾದು ಸುಡುತ್ತದೆ. ಬೋರಿನಿಂದ ಮೋಟರು ಎತ್ತಿಸುವ ಕೂಲಿ, ರಿವೈಂಡಿಂಗ್ ಖರ್ಚು, ಅಷ್ಟು ದಿನ ಒಣಗಿದ ಬೆಳೆ, ಎಲ್ಲ ರೈತನ ಮೇಲೆ. ಕಾಗದದಲ್ಲಿ ಬಿಲ್ಲು ಸೊನ್ನೆ. ಬದುಕಿನಲ್ಲಿ ಬಿಲ್ಲು ಬೇರೆ. ಹಗಲಲ್ಲೇ ಕರೆಂಟು ಕೊಡಲು ಪಂಪ್‌ಸೆಟ್ಟಿನ ಫೀಡರುಗಳಿಗೆ ಸೌರವಿದ್ಯುತ್ತು ಜೋಡಿಸುವ ಅವಕಾಶ 2019ರಲ್ಲಿ ಶುರುವಾದ ಕುಸುಮ್ ಯೋಜನೆಯಲ್ಲಿದೆ. ಒಳ್ಳೆಯದೇ. ಅದು ಯಾವ ಫೀಡರಿಗೆ ಮೊದಲು, ಯಾರ ಜಮೀನಿನಲ್ಲಿ ಫಲಕ, ಎಷ್ಟು ದರಕ್ಕೆ ಎಂದು ಕೇಳಬಲ್ಲ ಓದಿದ ಮಕ್ಕಳು ತಾಲ್ಲೂಕಿನಲ್ಲಿ ಬೇಡವೇ?

ಈಗ ನಿಜವಾದ ಇಕ್ಕಟ್ಟಿಗೆ ಬರುತ್ತೇವೆ. ದೊಡ್ಡ ಕಾರ್ಖಾನೆಗಳು, ಅಂಗಡಿ ಕಚೇರಿಗಳು ಕೊಡುವ ಹೆಚ್ಚಿನ ದರದಿಂದ ಬರುವ ಹಣ ಬಡವರ, ರೈತರ ಕರೆಂಟಿನ ಹೊರೆಯನ್ನು ಸ್ವಲ್ಪ ಹೊರುತ್ತದೆ. ಇದನ್ನು ಅಡ್ಡ ಸಬ್ಸಿಡಿ ಎನ್ನುತ್ತಾರೆ. 2003ರ ವಿದ್ಯುತ್ ಕಾಯ್ದೆ ದೊಡ್ಡ ಗ್ರಾಹಕರಿಗೆ ಬೇರೆ ಉತ್ಪಾದಕರಿಂದ ನೇರವಾಗಿ ಕೊಳ್ಳುವ ದಾರಿ ತೆರೆಯಿತು. 2022ರ ಕೇಂದ್ರದ ನಿಯಮಗಳು ಹಸಿರು ವಿದ್ಯುತ್ತಿನ ಮಟ್ಟಿಗೆ ಆ ಬಾಗಿಲನ್ನು 100 ಕಿಲೋವಾಟಿನ ಗ್ರಾಹಕನವರೆಗೂ ಅಗಲಿಸಿದವು. ಸರ್ಚಾರ್ಜು ಎಂಬ ಒಂದಿಷ್ಟು ಪರಿಹಾರ ಇದೆ, ನಿಜ. ಆದರೂ ಹೆಚ್ಚು ಕೊಡುವ ಗಿರಾಕಿ ಒಬ್ಬೊಬ್ಬನೇ ಎದ್ದು ಹೋದರೆ ಸೆಸ್ಕ್‌ನಂಥ ಕಂಪನಿಯ ಬಳಿ ಉಳಿಯುವವರು ಸಣ್ಣ ಮನೆಯವರು, ರೈತರು. ಹೊರೆ ಅವರ ಮೇಲೆ ಬೀಳಬೇಕು, ಇಲ್ಲವೇ ಸರ್ಕಾರದ ಬೊಕ್ಕಸದ ಮೇಲೆ. ಬೆಂಗಳೂರಿನ ಸಮಾವೇಶದಲ್ಲಿ ಆಯ್ಕೆಯಾದ ಹುಡುಗನ ಮೊದಲ ಕೆಲಸ ಬಹುಶಃ ಇದೇ ಆಗಿರುತ್ತದೆ: ಗಿರಾಕಿ ಕಂಪನಿಗೆ ಹೋಗಿ, ನೀವು ಸರ್ಕಾರಿ ಕರೆಂಟು ಬಿಟ್ಟರೆ ಯೂನಿಟ್ಟಿಗೆ ಇಷ್ಟು ಉಳಿತಾಯ ಎಂದು ತೋರಿಸುವುದು. ಆ ಹುಡುಗ ಕೃಷ್ಣರಾಜಪೇಟೆಯವನೇ ಆಗಿದ್ದರೆ, ಆ ಉಳಿತಾಯದ ಒಂದು ಚೂರು ತನ್ನಪ್ಪನ ಬೋರಿನ ಬಳಿಯಿಂದ ಬಂದದ್ದು ಎಂಬುದು ಅವನಿಗೆ ಗೊತ್ತಿರುತ್ತದೆಯೇ? ಗೊತ್ತಿದ್ದೂ ಮಾಡಿದರೆ ಅದು ಅವನ ಆತ್ಮಸಾಕ್ಷಿಯ ವಿಷಯ. ಗೊತ್ತೇ ಆಗದಂತೆ ಮಾಡುವುದು ಶಿಕ್ಷಣದ ದ್ರೋಹ.

ಇದಕ್ಕೆ ಒಂದು ಉತ್ತರ ಸಿದ್ಧವಾಗಿದೆ: "ಹೊಟ್ಟೆಪಾಡಿಗೆ ಕೆಲಸ ಬೇಕು, ನಿಮ್ಮ ನೀತಿಪಾಠ ಬೇಡ." ನೀತಿಪಾಠ ನಮಗೂ ಬೇಡ. ನಾವು ಕೇಳುತ್ತಿರುವುದು ಪೂರ್ತಿ ಲೆಕ್ಕ. ಪೂರ್ತಿ ಲೆಕ್ಕ ಗೊತ್ತಿಲ್ಲದವನಿಗೆ ಸಿಗುವ ಕೆಲಸವೂ ಅರ್ಧವೇ. ಚಾವಣಿ ಸೌರಫಲಕ ಮಾರುವ, ತಿಂಗಳಿಗಿಷ್ಟು ಟಾರ್ಗೆಟ್ ಎಂದು ಮನೆಮನೆ ತಿರುಗುವ ಕೆಲಸ. ದರ ನಿಗದಿಯಾಗುವ, ಕರಾರು ಬರೆಯುವ ಮೇಜಿನ ಬಳಿ ಅವನಿಗೆ ಕುರ್ಚಿ ಇರುವುದಿಲ್ಲ.

ಕರಾರಿನ ಮಾತು ಬಂತು. ತುಮಕೂರು ಜಿಲ್ಲೆಯ ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟಿನ ಸೌರ ಪಾರ್ಕ್ ಇದೆ. ರೈತರಿಂದ ಜಮೀನು ಕೊಂಡುಕೊಳ್ಳದೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುಮಾಡಿ ದೀರ್ಘಾವಧಿ ಗುತ್ತಿಗೆಗೆ ಪಡೆಯಲಾಯಿತು. ಮಳೆಯಿಲ್ಲದೆ ಬಸವಳಿದ ಸೀಮೆಯಲ್ಲಿ ಜಮೀನಿದ್ದವರಿಗೆ ಇದು ಆಸರೆಯಾಯಿತು; ಭೂಮಿ ಕಿತ್ತುಕೊಳ್ಳುವ ಹಳೆಯ ಪದ್ಧತಿಗಿಂತ ಎಷ್ಟೋ ವಾಸಿ. ಆದರೆ ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದ ಭೂಮಿಯಿಲ್ಲದವರಿಗೆ, ಆ ಬಯಲಿನಲ್ಲಿ ಕುರಿ ಮೇಯಿಸುತ್ತಿದ್ದವರಿಗೆ ಗುತ್ತಿಗೆಯಲ್ಲಿ ಪಾಲಿರಲಿಲ್ಲ. ಸಹಿ ಹಾಕುವ ಹಕ್ಕು ಇದ್ದದ್ದು ಪಹಣಿಯಲ್ಲಿ ಹೆಸರಿದ್ದವರಿಗೆ ಮಾತ್ರ. ನಾಳೆ ನಾಗಮಂಗಲದ ಮಳೆಯಾಶ್ರಿತ ಹೊಲಗಳಿಗೂ ಇಂಥ ಗುತ್ತಿಗೆ ಪತ್ರ ಬಂದರೆ ಅದನ್ನು ಸಹಿಗೆ ಮೊದಲು ಓದಿ, ಕೂಲಿಯವರ ಪಾಲು ಎಲ್ಲಿ ಎಂದು ಕೇಳುವವರು ಯಾರು?

ಕಬ್ಬಿನ ವಿಷಯವೂ ಹೀಗೆಯೇ. ಆಲೆಮನೆಯಲ್ಲಿ ಗಾಣದಿಂದ ಬಂದ ಸಿಪ್ಪೆಯನ್ನೇ ಒಣಗಿಸಿ ಒಲೆಗೆ ಹಾಕಿ ಬೆಲ್ಲ ಕಾಯಿಸುವುದು ನಮ್ಮ ಜನಕ್ಕೆ ತಲೆಮಾರುಗಳ ವಿದ್ಯೆ. ಅದೇ ಸಿಪ್ಪೆಯಿಂದ ಸಕ್ಕರೆ ಕಾರ್ಖಾನೆಗಳು ಹಬೆ ಎಬ್ಬಿಸಿ ಕರೆಂಟು ಮಾಡಿ ಮಾರಬಲ್ಲವು. 2012ರ ರಂಗರಾಜನ್ ಸಮಿತಿ, ಸಕ್ಕರೆ ಮತ್ತು ಸಿಪ್ಪೆ, ಕಾಕಂಬಿಗಳಂಥ ಉಪ ಉತ್ಪನ್ನಗಳ ಆದಾಯದಲ್ಲಿ ಶೇ. 70ರಷ್ಟು, ಇಲ್ಲವೇ ಸಕ್ಕರೆಯೊಂದರದೇ ಆದರೆ ಶೇ. 75ರಷ್ಟು ಬೆಳೆಗಾರನಿಗೆ ಸೇರಬೇಕು ಎಂದು ಹೇಳಿತು. ಟನ್ನಿಗೆ ಎಷ್ಟು ಸಿಪ್ಪೆ, ಎಷ್ಟು ಯೂನಿಟ್, ಯಾವ ದರ, ರೈತನ ಪಾಲೆಷ್ಟು ಎಂದು ಕಾಗದದ ಮೇಲೆ ತೋರಿಸುವ ವಿದ್ಯಾರ್ಥಿ ಒಬ್ಬ ಸಿಕ್ಕರೆ ಕಬ್ಬು ಬೆಳೆಗಾರರ ಸಭೆಯ ದಿಕ್ಕೇ ಬದಲಾದೀತು. ಇದು ಇಂಧನ ಶಿಕ್ಷಣ. ಇದಕ್ಕೆ ಹೋಟೆಲು ಬೇಕಿಲ್ಲ.

ಈಗ ನಮ್ಮ ಸಮುದಾಯದ ಮಾತು. 2006ರ ಸಾಚಾರ್ ಸಮಿತಿ ವರದಿ ಐ.ಐ.ಎಂ.ಗಳ ಲೆಕ್ಕ ಕೊಟ್ಟಿತ್ತು: ಒಟ್ಟು 4,743 ವಿದ್ಯಾರ್ಥಿಗಳಲ್ಲಿ ಮುಸ್ಲಿಮರು 63. ಶೇಕಡಾ ಒಂದೂ ಚಿಲ್ಲರೆ. ಆ ಸಭಾಂಗಣದಲ್ಲಿ ನಮ್ಮ ಮಕ್ಕಳು ಎಲ್ಲಿ ಎಂದು ಹುಡುಕುವುದು ಸುಲಭ. ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಆದರೆ ಇಂಧನ ಕ್ಷೇತ್ರದಲ್ಲಿ ನಾವು ಇಲ್ಲವೇ? ತಾಲ್ಲೂಕು ಪೇಟೆಗಳ ಮೋಟರು ರಿವೈಂಡಿಂಗ್ ಅಂಗಡಿಗಳಲ್ಲಿ, ವೈರಿಂಗ್ ಕೆಲಸದಲ್ಲಿ, ಬ್ಯಾಟರಿ ಅಂಗಡಿಗಳಲ್ಲಿ, ಗ್ಯಾರೇಜುಗಳಲ್ಲಿ ನೋಡಿ. ಸುಟ್ಟ ಸುರುಳಿಯನ್ನು ಬಿಚ್ಚಿ, ಎಳೆ ಎಣಿಸಿ, ಮತ್ತೆ ಸುತ್ತುವ ಕೈಗಳಲ್ಲಿ ಎಷ್ಟೋ ನಮ್ಮವು. ಯಾವ ಹಳ್ಳಿಯ ಟಿ.ಸಿ.ಯಲ್ಲಿ ವೋಲ್ಟೇಜು ಬೀಳುತ್ತದೆ, ಯಾವ ತಿಂಗಳು ಎಷ್ಟು ಮೋಟರು ಸುಡುತ್ತವೆ ಎಂಬ ಮಾಹಿತಿ ಆ ಉಸ್ತಾದರ ತಲೆಯಲ್ಲಿದೆ. ಅದನ್ನು ಬರೆದಿಟ್ಟರೆ ಅದೇ ಒಂದು ಅಧ್ಯಯನ. ಅಪ್ಪನ ಈ ತಿಳಿವಳಿಕೆಯನ್ನು ಬಿ.ಕಾಂ., ಎಂ.ಬಿ.ಎ. ಓದಿದ ಮಗ ನಾಚಿಕೆಯಿಂದ ಮುಚ್ಚಿಡುತ್ತಾನೆ. ಅವನನ್ನು ಹಾಗೆ ನಾಚುವಂತೆ ಮಾಡಿದವರು ಯಾರು?

ಪಾಲು ನಮ್ಮ ಸಂಘಟನೆಗಳದೂ ಇದೆ. ಸಮುದಾಯದ ಕೆರಿಯರ್ ಗೈಡೆನ್ಸ್ ಶಿಬಿರಗಳಲ್ಲಿ ಕೇಳಿಬರುವುದು ಡಾಕ್ಟರು, ಎಂಜಿನಿಯರು, ಐ.ಎ.ಎಸ್., ಕೊನೆಗೆ ಗಲ್ಫ್. ಎಂ.ಬಿ.ಎ. ಬಗ್ಗೆ ಹೇಳಿದರೂ ಬ್ಯಾಂಕು, ಐ.ಟಿ. ಬಿಟ್ಟು ಬೇರೆ ಮಾತಿಲ್ಲ. ಹೆಣ್ಣುಮಕ್ಕಳಿಗಂತೂ 'ಮನೆ ಹತ್ತಿರದ ಟೀಚರ್ ಕೆಲಸ' ಎಂಬ ಗೆರೆ ದಾಟುವುದೇ ಅಪರೂಪ. ವಿದ್ಯುತ್ ದರದ ಲೆಕ್ಕ, ಕರಾರು, ಗ್ರಾಹಕರ ದೂರು, ಮನೆಯ ಇಂಧನ ಉಳಿತಾಯ ಇವೆಲ್ಲ ಹೆಣ್ಣುಮಕ್ಕಳು ಕೂತಲ್ಲಿಂದಲೇ ಹಿಡಿತಕ್ಕೆ ತೆಗೆದುಕೊಳ್ಳಬಹುದಾದ ವಿದ್ಯೆ. ನೀರು, ಮೇವು, ಬೆಂಕಿ ಈ ಮೂರರಲ್ಲಿ ಜನರೆಲ್ಲರೂ ಪಾಲುದಾರರು ಎಂಬ ಅರ್ಥದ ಪ್ರವಾದಿ ವಚನವನ್ನು ನಮ್ಮ ಸಭೆಗಳಲ್ಲಿ ಆಗಾಗ ನೆನೆಯುತ್ತೇವೆ. ಇಂದಿನ ಬೆಂಕಿ ತಂತಿಯೊಳಗಿದೆ. ಅದರಲ್ಲಿ ಪಾಲು ಕೇಳಬೇಕಾದರೆ ಅದರ ಲೆಕ್ಕ ಓದಲು ಬರಬೇಕು. ಆ ಪಾಲು ಮುಸ್ಲಿಮರದು ಮಾತ್ರವಲ್ಲ, ಟಿ.ಸಿ. ಸುಟ್ಟಾಗ ಒಕ್ಕಲಿಗರ ಗದ್ದೆಯೂ ಒಣಗುತ್ತದೆ, ದಲಿತ ಕೇರಿಯೂ ಕತ್ತಲಾಗುತ್ತದೆ, ನಮ್ಮ ಮೊಹಲ್ಲಾವೂ ಕತ್ತಲಾಗುತ್ತದೆ. ಜನರನ್ನು ಒಡೆಯುವ ನೂರು ವಿಷಯಗಳ ನಡುವೆ ಒಂದುಗೂಡಿಸುವ ವಿಷಯ ಇದು.

ಏನು ಮಾಡಬೇಕು? ಕಷ್ಟವಾದದ್ದೇನೂ ಇಲ್ಲ. ಮೈಸೂರು, ಮಂಡ್ಯದ ಮ್ಯಾನೇಜ್‌ಮೆಂಟ್ ವಿಭಾಗಗಳು ವರ್ಷಕ್ಕೊಂದು ಇಂಧನ ಸಮಾವೇಶವನ್ನು ಕೃಷ್ಣರಾಜಪೇಟೆಯಲ್ಲೋ ಪಾಂಡವಪುರದಲ್ಲೋ ನಡೆಸಲಿ, ಕನ್ನಡದಲ್ಲಿ ನಡೆಸಲಿ. ಕೃಷ್ಣರಾಜಪೇಟೆಯಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜೇ ಇದೆ, ಜಾಗಕ್ಕೆ ಕೊರತೆಯಿಲ್ಲ. ಕಂಪನಿಗಳು ಬರಲಿ. ಆದರೆ ಖರ್ಚು ಕೊಟ್ಟವರೇ ವಿಷಯವನ್ನೂ ನಿರ್ಧರಿಸುವುದು ಬೇಡ. ವೇದಿಕೆಯ ಮೇಲೆ ಕಂಪನಿಯ ಅಧಿಕಾರಿಯ ಪಕ್ಕದಲ್ಲಿ ಒಬ್ಬ ಲೈನ್‌ಮನ್, ಒಬ್ಬ ಪಂಪ್‌ಸೆಟ್ ರೈತ, ಒಬ್ಬ ರಿವೈಂಡಿಂಗ್ ಉಸ್ತಾದ್, ಆಲೆಮನೆ ನಡೆಸುವವರೊಬ್ಬರು ಕೂರಲಿ. ಮಧ್ಯಾಹ್ನ ಸಬ್‌ಸ್ಟೇಷನ್ನಿಗೂ ಒಂದು ಟಿ.ಸಿ. ಬಳಿಗೂ ವಿದ್ಯಾರ್ಥಿಗಳನ್ನು ಕರೆದೊಯ್ಯಲಿ. ದೂರದ ಊರಿನ ಹೆಣ್ಣುಮಕ್ಕಳು ಸಂಜೆ ಬಸ್ಸಿಗೆ ಮನೆ ಸೇರುವಂತೆ ಹೊತ್ತು ಗೊತ್ತುಮಾಡಲಿ.

ಇನ್ನೊಂದು ಕೆಲಸ ಇದಕ್ಕಿಂತ ಮುಖ್ಯ. ವಿದ್ಯುತ್ ದರ ಏರಿಸಬೇಕಾದರೆ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಸಾರ್ವಜನಿಕ ವಿಚಾರಣೆ ನಡೆಸುತ್ತದೆ. ಯಾವ ಗ್ರಾಹಕನೂ ಆಕ್ಷೇಪ ಸಲ್ಲಿಸಬಹುದು. ಕೈಗಾರಿಕೆಯವರ ಸಂಘಗಳು ವಕೀಲರೊಂದಿಗೆ ಬರುತ್ತವೆ. ತಾಲ್ಲೂಕಿನ ಸಾಮಾನ್ಯ ಗ್ರಾಹಕ ಬರುವುದು ಅಪರೂಪ, ಏಕೆಂದರೆ ಕಾಗದಪತ್ರ ನೂರಾರು ಪುಟ, ಬಹುಪಾಲು ಇಂಗ್ಲಿಷು. 2025ರ ಮಾರ್ಚಿನ ಆದೇಶ ಮೂರು ವರ್ಷಗಳ ದರವನ್ನು ಒಮ್ಮೆಗೇ ನಿಗದಿಮಾಡಿತು. ಅದೇ ಏಪ್ರಿಲಿನಿಂದ ಬಿಲ್ಲಿನಲ್ಲಿ ವಿದ್ಯುತ್ ನೌಕರರ ಪಿಂಚಣಿ, ಗ್ರಾಚ್ಯುಟಿಗೆಂದು ಯೂನಿಟ್ಟಿಗೆ 36 ಪೈಸೆ ಸರ್ಚಾರ್ಜು ಸೇರಿತು. ಈ 36 ಪೈಸೆ ಏಕೆ ಬಂತು, ಅದನ್ನು ಗ್ರಾಹಕನೇ ಏಕೆ ಕೊಡಬೇಕು ಎಂದು ತನ್ನ ಓಣಿಯವರಿಗೆ ಕನ್ನಡದಲ್ಲೋ ಉರ್ದುವಿನಲ್ಲೋ ವಿವರಿಸಲಾಗದ ಎಂ.ಬಿ.ಎ. ಪದವಿ ಯಾವ ಪದವಿ? ಪ್ರತಿ ಮ್ಯಾನೇಜ್‌ಮೆಂಟ್ ಕಾಲೇಜಿನ ಒಂದು ತಂಡ ಮುಂದಿನ ವಿಚಾರಣೆಗೆ ಒಂದು ಆಕ್ಷೇಪ ಬರೆದು ಸಲ್ಲಿಸಲಿ. ಅದಕ್ಕೆ ಅಂಕ ಕೊಡಲಿ. ಹತ್ತು ಮೇಳಗಳು ಕಲಿಸದ್ದನ್ನು ಆ ಒಂದು ಅರ್ಜಿ ಕಲಿಸುತ್ತದೆ. ಅಂಥ ಅರ್ಜಿ ಬರೆಯಬಲ್ಲವನನ್ನು ಕಂಪನಿಗಳೂ ಹುಡುಕಿಕೊಂಡು ಬರುತ್ತವೆ. ಬಾರದಿದ್ದರೆ ರೈತ ಸಂಘ, ಸಹಕಾರ ಸಂಘ, ಗ್ರಾಹಕ ವೇದಿಕೆಗಳಿಗೆ ಅವನು ಬೇಕೇ ಬೇಕು.

ನಮ್ಮ ಜಮಾತುಗಳು, ಸಂಘಟನೆಗಳು ಕಾಲೇಜುಗಳಿಗಾಗಿ ಕಾಯಬೇಕಾಗಿಲ್ಲ. ಶಾದಿ ಮಹಲ್‌ಗಳು ವರ್ಷದ ಎಷ್ಟೋ ದಿನ ಖಾಲಿ ಇರುತ್ತವೆ. ಒಂದು ಭಾನುವಾರ ಅಲ್ಲಿ ಎಲ್ಲ ಜಾತಿ ಮತದ ವಿದ್ಯಾರ್ಥಿಗಳನ್ನು ಕರೆದು, ಪ್ರತಿಯೊಬ್ಬರೂ ಮನೆಯ ಕರೆಂಟು ಬಿಲ್ಲು ತರಬೇಕು ಎಂದು ಹೇಳಿ ನೋಡಿ. ಗೃಹಜ್ಯೋತಿಯ ಸೊನ್ನೆ ಬಿಲ್ಲಾದರೂ ಸರಿ. ಆ ಸೊನ್ನೆಯ ಹಿಂದೆ ಎಷ್ಟು ರೂಪಾಯಿ ಇದೆ, ಯಾರು ಕಟ್ಟುತ್ತಿದ್ದಾರೆ ಎಂದು ಬಿಡಿಸಿ ನೋಡುವುದೇ ಮೊದಲ ಪಾಠ.

ನೂರಿಪ್ಪತ್ತು ವರ್ಷಗಳ ಹಿಂದೆ ಈ ಜಿಲ್ಲೆಯ ನೀರು ಕರೆಂಟಾಗಿ ಬೇರೆಯವರ ಚಿನ್ನ ಅಗೆಯಲು ಹೋಯಿತು. ಅಂದು ಲೆಕ್ಕ ಕೇಳಲು ಇಲ್ಲಿಯ ಜನಕ್ಕೆ ಅಕ್ಷರವೇ ಇರಲಿಲ್ಲ. ಇಂದು ಅಕ್ಷರವಿದೆ, ಪದವಿಯಿದೆ, ಮ್ಯಾನೇಜ್‌ಮೆಂಟ್ ಕಾಲೇಜಿದೆ. ಇಷ್ಟಿದ್ದೂ ಲೆಕ್ಕ ಕೇಳದಿದ್ದರೆ, ಮುಂದಿನ ಗುತ್ತಿಗೆ ಪತ್ರಕ್ಕೆ ನಮ್ಮ ಅಪ್ಪಂದಿರು ಹೆಬ್ಬೆಟ್ಟು ಒತ್ತುವಾಗ ಅದನ್ನು ಒತ್ತಿಸಿಕೊಳ್ಳಲು ಬಂದವರು ನಮ್ಮ ಮಕ್ಕಳೇ ಆಗಿರುತ್ತಾರೆ.